ಸೈಕಲ್ಲಿನ ಹಿಂಗಾಲಿ: ಬಿಚ್ಚುವುದು, ಜೋಡಿಸುವುದು

ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುವುದನ್ನು ನಮ್ಮ ಹಿರಿಯರು ಊರಿನಲ್ಲಿ ಕಂಡವರು. ನಗರದಲ್ಲಿ ಬೆಳೆದ ನಾವಾದರೋ ಸೈಕಲ್ಲನ್ನು ತುಳಿಯಬಲ್ಲೆವೇ ಹೊರತು ಅದರ ಚಕ್ರದೊಳಗೆ ಏನಿದೆಯೆಂದು ನೋಡಿದವರಲ್ಲ. ಬೆಳಿಗ್ಗೆ ಮನೆಮನೆಗೆ ಪತ್ರಿಕೆ ಹಂಚಿ ಶಾಲೆಗೆ ಬರುವ ನಮ್ಮ ಹಿರಿಯ ತರಗತಿಯ ಗೆಳೆಯನೊಬ್ಬನ ಹಿಂದಿನ ಚಕ್ರ ಓಲಾಡತೊಡಗಿತು. ಚಕ್ರವನ್ನೇ ಬದಲಿಸಬೇಕೆಂಬ ಮಾತು ಕೇಳಿ ಅವನ ಮುಖ ಬಾಡಿತು. ಅಷ್ಟು ಹಣ ಅವನಲ್ಲಿರಲಿಲ್ಲ. ಸೈಕಲ್ಲಿಲ್ಲದೆ ಅವನಿಗೆ ಕೆಲಸವೂ ಇಲ್ಲ. ಆಗ ನಾವು ಗುರುಗಳ ಸಮ್ಮುಖದಲ್ಲಿ ಅದನ್ನು ಬಿಚ್ಚಿ ನೋಡಿದೆವು. ಅಂದು ಕಲಿತುದನ್ನು ಇಲ್ಲಿ ಬರೆದಿದ್ದೇವೆ.

ಚಕ್ರದ ನಡುವೆ ಕಡ್ಡಿಗಳೆಲ್ಲ ಬಂದು ಸೇರುವ ಟೊಳ್ಳು ಕೊಳವೆಯೇ ಹಬ್. ಅದರ ಎರಡು ತುದಿಗಳಲ್ಲಿ ಬಟ್ಟಲಿನಾಕಾರದ ಕಪ್‌ಗಳಿವೆ. ಒಳಗೆ ಹಾಯುವ ಅಚ್ಚಿನ ಮೇಲೆ ಎರಡು ಕೋನ್‌ಗಳಿವೆ. ಕಪ್ಪಿಗೂ ಕೋನಿಗೂ ನಡುವೆ ಉಕ್ಕಿನ ಗುಂಡುಗಳಿರುತ್ತವೆ. ಸಾಮಾನ್ಯ ಸೈಕಲ್ಲಿನ ಹಿಂಗಾಲಿಯಲ್ಲಿ ಪಕ್ಕಕ್ಕೆ 9ರಂತೆ, ಕಾಲು ಅಂಗುಲದವು. ಲೋಹ ಲೋಹವನ್ನು ಉಜ್ಜುವ ಬದಲು ಗುಂಡುಗಳು ಉರುಳುವುದರಿಂದ ಘರ್ಷಣೆ ಬಹಳ ತಗ್ಗುತ್ತದೆ. ಸೈಕಲ್ಲಿನಲ್ಲಿ ಇಂತಹ ಗುಂಡುಗಳ ಬಳಕೆಗೆ 1869ರಲ್ಲಿ ಪೇಟೆಂಟ್ ಪಡೆದವನು ಪ್ಯಾರಿಸ್ಸಿನ ಜೂಲ್ ಸುರಿರೇ.

ಮೊದಲು ಚಕ್ರವನ್ನು ಕಳಚಿ, ಗುಂಡುಗಳು ಉರುಳಿಹೋಗದಂತೆ ಕೆಳಗೆ ಬಟ್ಟೆ ಹಾಸಿದೆವು. ಎಡಗಡೆಯ ಕೋನನ್ನು ತೆಳು ಸ್ಪ್ಯಾನರಿನಿಂದ ಹಿಡಿದು ಲಾಕ್‌ನಟ್ಟನ್ನು ಸಡಿಲಿಸಿ, ಎರಡನ್ನೂ ತೆಗೆದು, ಅಚ್ಚನ್ನು ಬಲಕ್ಕೆ ಎಳೆದೆವು. ಬಲಗಡೆಯ ಫ್ರೀವ್ಹೀಲ್ ತುಳಿದಂತೆಲ್ಲ ಬಿಗಿಯಾಗುವುದರಿಂದ ಅದನ್ನು ಕೈಯಿಂದ ಬಿಡಿಸಲಾಗದು. ಅದಕ್ಕೆ ತಕ್ಕ ಸಾಧನವುಳ್ಳ ಅಂಗಡಿಯಲ್ಲಿ ತೆಗೆಸಿದೆವು. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದಾಗ ದೋಷ ಕಂಡಿತು: ಬಲಗಡೆಯ ಕೋನಿನ ಮೇಲೆ ಸಣ್ಣ ಸಣ್ಣ ಕುಳಿಗಳು, ಎರಡು ಗುಂಡುಗಳು ಒಡೆದಿದ್ದವು. ಕಪ್‌ಗಳು ಮಾತ್ರ ನುಣುಪಾಗಿದ್ದವು. ಅಚ್ಚನ್ನು ಗಾಜಿನ ಮೇಲೆ ಉರುಳಿಸಿ ಅದು ಬಾಗಿಲ್ಲವೆಂದು ತಿಳಿದೆವು.

ಒಡೆದ ಎರಡನ್ನಷ್ಟೇ ಬದಲಿಸಿದರೆ ಸಾಲದೇ ಎಂದು ಗೆಳೆಯ ಕೇಳಿದನು. ಸಾಲದು. ಸವೆದ ಗುಂಡುಗಳ ನಡುವೆ ಹೊಸವು ತುಸು ದೊಡ್ಡವಾಗಿ, ಭಾರವೆಲ್ಲ ಅವುಗಳ ಮೇಲೆಯೇ ಬೀಳುತ್ತದೆ. ಆದುದರಿಂದ 18 ಗುಂಡುಗಳನ್ನೂ ಕೋನನ್ನೂ ಹೊಸದಾಗಿ ತಂದೆವು.

ಫ್ರೀವ್ಹೀಲನ್ನು ಮತ್ತೆ ಕೂರಿಸಿ, ಕಪ್‌ಗಳಿಗೆ ಗ್ರೀಸು ಹಚ್ಚಿ, ಅದರಲ್ಲಿ ಗುಂಡುಗಳನ್ನು ಅಂಟಿಸಿ, ಅಚ್ಚನ್ನು ತೂರಿಸಿದೆವು. ಇನ್ನುಳಿದುದೇ ಕಠಿಣವಾದ ಕೆಲಸ. ಕೋನನ್ನು ಗುಂಡಿಗೆ ತಾಗುವಷ್ಟು ತಿರುಗಿಸಿ ಲಾಕ್‌ನಟ್ಟನ್ನು ಬಿಗಿದೊಡನೆ ಚಕ್ರ ಬಿಗಿದುಕೊಂಡಿತು. ನಟ್ಟು ಕೋನನ್ನು ಇನ್ನಷ್ಟು ಒಳಕ್ಕೆ ಒತ್ತಿತ್ತು. ಎರಡನೆಯ ಸಲ ಸಡಿಲವಾಯಿತು. ಮೂರನೆಯ ಸಲ ಕೋನನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ, ಅಲುಗದಂತೆ ಹಿಡಿದು, ನಟ್ಟನ್ನು ಬಿಗಿದೆವು. ಪಕ್ಕಕ್ಕೆ ಅಲುಗಿಸಿದರೆ ಅಲುಗಲಿಲ್ಲ. ತಿರುಗಿಸಿ ಬಿಟ್ಟರೆ ಚಕ್ರ ಹಿಂದುಮುಂದಾಗಿ ತೂಗಿ, ಭಾರವಾದ ಭಾಗ ಕೆಳಗೆ ಬಂದು ಮೆಲ್ಲನೆ ನಿಂತಿತು. ಹದ ಸರಿಯಾಗಿರುವುದಕ್ಕೆ ಇದೇ ಗುರುತು.

ಕೊನೆಗೆ ಚಕ್ರವನ್ನು ಚೌಕಟ್ಟಿನ ನಟ್ಟನಡುವೆ ನಿಲ್ಲಿಸಿ, ಚೈನನ್ನು ಹದವಾಗಿ ಎಳೆದು, ಎರಡೂ ಪಕ್ಕದ ನಟ್ಟುಗಳನ್ನು ಬಿಗಿದು, ಬ್ರೇಕನ್ನು ಪರೀಕ್ಷಿಸಿದೆವು. ಇದರಲ್ಲಿ ಅಲಕ್ಷ್ಯ ಸಲ್ಲದು. ನಟ್ಟು ಸಡಿಲವಾದರೆ ಚೈನಿನ ಸೆಳೆತಕ್ಕೆ ಚಕ್ರ ಓರೆಯಾಗಿ ಸವಾರನನ್ನೇ ಕೆಡವೀತು.

ಮರುದಿನ ಬೆಳಿಗ್ಗೆ ಪತ್ರಿಕೆಗಳು ಎಂದಿನ ವೇಳೆಗೇ ಮನೆಗಳನ್ನು ಸೇರಿದವು. ಗೆಳೆಯ ತರಗತಿಗೆ ಬಂದಾಗ ಅವನ ಬೆರಳ ಸಂದಿಯಲ್ಲಿ ಗ್ರೀಸಿನ ಕಪ್ಪು ಇನ್ನೂ ಉಳಿದಿತ್ತು. ನಮ್ಮ ಬೆರಳುಗಳಲ್ಲಿಯೂ ಇತ್ತು.