ಮನೆಯಲ್ಲಿ ಉದ್ಯಮ: ವಲಯ ನಿಯಮಗಳ ಅರಿವು ಮೊದಲಿರಲಿ

ಹೊಲಿಗೆ, ಹಪ್ಪಳ-ಸಂಡಿಗೆ ತಯಾರಿಕೆ, ಲೆಕ್ಕಪತ್ರ ಸೇವೆ ಮೊದಲಾದ ಅನೇಕ ಉದ್ಯಮಗಳು ಮನೆಯಲ್ಲಿಯೇ ಹುಟ್ಟುತ್ತವೆ. ಬಾಡಿಗೆಯ ಹೊರೆಯಿಲ್ಲದಿರುವುದು, ಮನೆಮಂದಿಯ ನೆರವು ದೊರೆಯುವುದು ಇದಕ್ಕೆ ಕಾರಣ. ಉದ್ಯಮ್ ನೋಂದಣಿ, ಜಿ.ಎಸ್.ಟಿ. ಸಂಖ್ಯೆ ದೊರೆತೊಡನೆ ಕಾನೂನಿನ ಅಗತ್ಯಗಳೆಲ್ಲವೂ ಪೂರೈಸಿದವೆಂದು ಹಲವರು ಭಾವಿಸುತ್ತಾರೆ. ಇದು ತಪ್ಪು ಗ್ರಹಿಕೆ. ಆ ನೋಂದಣಿಗಳು ಉದ್ಯಮವನ್ನು ಗುರುತಿಸುತ್ತವೆಯೇ ಹೊರತು ಭೂ ಉಪಯೋಗವನ್ನು ಬದಲಿಸುವುದಿಲ್ಲ. ನಿರ್ದಿಷ್ಟ ಸ್ಥಳದಲ್ಲಿ ನಿರ್ದಿಷ್ಟ ಉದ್ಯಮ ನಡೆಸಬಹುದೇ ಎಂಬುದನ್ನು ನಿರ್ಧರಿಸುವುದು ಆ ಊರಿನ ಮಹಾಯೋಜನೆ.

ಕಾನೂನಿನ ನೆಲೆ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅನ್ವಯ ಯೋಜನಾ ಪ್ರಾಧಿಕಾರವು ಭೂಮಿಯನ್ನು ವಸತಿ, ವಾಣಿಜ್ಯ, ಕೈಗಾರಿಕೆ ಮುಂತಾದ ವಲಯಗಳಾಗಿ ವಿಂಗಡಿಸುತ್ತದೆ. 14ನೇ ಪ್ರಕರಣದಂತೆ ಭೂ ಉಪಯೋಗವು ಮಹಾಯೋಜನೆಗೆ ಅನುಗುಣವಾಗಿರತಕ್ಕದ್ದು. ಯೋಜನೆಯಲ್ಲಿ ಗೊತ್ತುಪಡಿಸಿದ ಉಪಯೋಗವನ್ನು ಬದಲಾಯಿಸುವ ವಿಧಾನವನ್ನು 14-ಎ ಪ್ರಕರಣವು ತಿಳಿಸುತ್ತದೆ.

ವಸತಿ ವಲಯದಲ್ಲಿ ಎಲ್ಲ ಉದ್ಯಮವೂ ನಿಷಿದ್ಧವಲ್ಲ. ಯಾವ ಚಟುವಟಿಕೆ, ಎಷ್ಟು ವಿಸ್ತೀರ್ಣ, ಎಷ್ಟು ಅಶ್ವಶಕ್ತಿಯ ಯಂತ್ರ ಎಂಬ ಮಿತಿಗಳನ್ನು ಮಹಾಯೋಜನೆಯೊಂದಿಗಿರುವ ವಲಯ ನಿಯಮಾವಳಿಯಲ್ಲಿ ನೋಡಬೇಕು. 2007ರಲ್ಲಿ ಅನುಮೋದನೆಗೊಂಡ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ-2015 ರಸ್ತೆಯ ಅಗಲವನ್ನೂ ಪರಿಗಣಿಸುತ್ತದೆ. ನಿಯಮಗಳು ಊರಿಂದೂರಿಗೆ ಭಿನ್ನವಾಗಿರುವುದರಿಂದ ಪಕ್ಕದ ಊರಿನ ಉದಾಹರಣೆಯನ್ನು ನಂಬಿ ಬಂಡವಾಳ ಹೂಡಬಾರದು.

ಎರಡು ತೀರ್ಪುಗಳು

ನೋಯ್ಡಾದ ವಸತಿ ಬಡಾವಣೆಗಳಲ್ಲಿದ್ದ ಬ್ಯಾಂಕು ಮೊದಲಾದವುಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ, ವಸತಿ ನಿವೇಶನದಲ್ಲಿ ಅಂತಹ ವಾಣಿಜ್ಯ ಬಳಕೆಗೆ ಅವಕಾಶವಿಲ್ಲವೆಂದು ತೀರ್ಪಿತ್ತಿತು. ಆದರೆ ವೈದ್ಯರು, ವಕೀಲರು ಮತ್ತು ವಾಸ್ತುಶಿಲ್ಪಿಗಳು ತಮ್ಮ ಮನೆಯ ನೆಲ ಅಂತಸ್ತಿನ ಶೇ. 30ರಷ್ಟು ಭಾಗವನ್ನು ವೃತ್ತಿಗೆ ಬಳಸಲು ಅನುವು ಮಾಡಿಕೊಟ್ಟಿತು.

ಮೀರತ್‌ನಲ್ಲಿ ವಸತಿಗೆಂದು ಹಂಚಿಕೆಯಾದ ನಿವೇಶನದಲ್ಲಿ ಅಂಗಡಿಗಳನ್ನು ಕಟ್ಟಲಾಗಿತ್ತು. ಅವುಗಳ ತೆರವಿನ ಆದೇಶವನ್ನು ನ್ಯಾಯಾಲಯವು 2024ರ ಡಿಸೆಂಬರ್ 17ರಂದು ಎತ್ತಿಹಿಡಿಯಿತು. ಅಧಿಕಾರಿಗಳ ವಿಳಂಬವಾಗಲಿ, ಹೂಡಿದ ಹಣವಾಗಲಿ ಅಕ್ರಮಕ್ಕೆ ರಕ್ಷಣೆಯಾಗದು ಎಂದಿತು. ಅನಧಿಕೃತ ಕಟ್ಟಡದಲ್ಲಿ ವ್ಯಾಪಾರ ನಡೆಸಲು ಯಾವುದೇ ಪ್ರಾಧಿಕಾರ ಪರವಾನಗಿ ನೀಡಬಾರದೆಂದೂ ನಿರ್ದೇಶಿಸಿತು. ‘ಇಷ್ಟು ವರ್ಷ ಯಾರೂ ಕೇಳಲಿಲ್ಲ’ ಎಂಬ ಸಮಾಧಾನ ಎಷ್ಟು ಅಪಾಯಕಾರಿ ಎಂಬುದು ಇದರಿಂದ ಸ್ಪಷ್ಟ.

ವಿದ್ಯುತ್ ಬಳಕೆ

ಗೃಹಬಳಕೆಯ ಸಂಪರ್ಕದಿಂದ ಯಂತ್ರ ನಡೆಸುವುದು ಮತ್ತೊಂದು ಸಾಮಾನ್ಯ ತಪ್ಪು. ಅನುಮತಿಸಿದ ಉದ್ದೇಶಕ್ಕೆ ಹೊರತಾದ ಬಳಕೆಯು ವಿದ್ಯುತ್ ಕಾಯ್ದೆ, 2003ರ 126ನೇ ಪ್ರಕರಣದನ್ವಯ ಅನಧಿಕೃತ ಬಳಕೆಯಾಗುತ್ತದೆ. ಆಗ ಅನ್ವಯವಾಗುವ ದರದ ಎರಡರಷ್ಟು ಶುಲ್ಕ ವಿಧಿಸಲಾಗುತ್ತದೆ. ಬಳಕೆಯ ಅವಧಿ ತಿಳಿಯದಿದ್ದಲ್ಲಿ ತಪಾಸಣೆಗೆ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕಲಾಗುತ್ತದೆ. ಸಣ್ಣ ಘಟಕಕ್ಕೆ ಈ ಒಂದು ಬಿಲ್ಲೇ ವರ್ಷದ ಲಾಭವನ್ನು ನುಂಗಬಲ್ಲದು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಯಂತ್ರ ಖರೀದಿಗೆ ಮುನ್ನವೇ ಯೋಜನಾ ಪ್ರಾಧಿಕಾರದಲ್ಲಿ ನಿವೇಶನದ ವಲಯವನ್ನು ತಿಳಿದು, ಅಗತ್ಯವಿದ್ದಲ್ಲಿ ಲಿಖಿತ ದೃಢೀಕರಣ ಪಡೆಯಿರಿ.

2. ನಂತರ ಸ್ಥಳೀಯ ಸಂಸ್ಥೆಯಲ್ಲಿ ಉದ್ದಿಮೆ ಪರವಾನಗಿಯ ಅಗತ್ಯವನ್ನು ವಿಚಾರಿಸಿರಿ. ಆಹಾರ ತಯಾರಿಕೆಯಾದರೆ ಆಹಾರ ಸುರಕ್ಷತಾ ನೋಂದಣಿಯೂ ಬೇಕು.

3. ಬಾಡಿಗೆ ಮನೆಯಾದಲ್ಲಿ ಕರಾರುಪತ್ರದಲ್ಲಿ ‘ವಾಸಕ್ಕೆ ಮಾತ್ರ’ ಎಂಬ ಷರತ್ತು ಇದೆಯೇ ನೋಡಿ, ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.

4. ಮನೆಯ ವಿಮೆಯು ಸರಕು ಮತ್ತು ಯಂತ್ರಗಳಿಗೂ ಅನ್ವಯಿಸುವುದೇ ಎಂದು ವಿಮಾ ಕಂಪನಿಯಿಂದ ಖಚಿತಪಡಿಸಿಕೊಳ್ಳಿರಿ.

5. ಸದ್ದು, ಹೊಗೆ, ತ್ಯಾಜ್ಯ ನೀರು, ಸರಕು ವಾಹನಗಳ ಓಡಾಟ ನೆರೆಯವರಿಗೆ ತೊಂದರೆಯಾಗದಿರಲಿ. ನೆರೆಯವರ ದೂರೇ ಬಹುಮಟ್ಟಿಗೆ ತಪಾಸಣೆಗೆ ಮೊದಲ ಕಾರಣವಾಗುತ್ತದೆ.

ಉದ್ಯಮ ಬೆಳೆದು ಮನೆಯ ಮಿತಿಯನ್ನು ಮೀರುವ ಸೂಚನೆ ಕಂಡೊಡನೆ ಸ್ಥಳಾಂತರದ ಸಿದ್ಧತೆ ಆರಂಭವಾಗಬೇಕು. ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಕೈಗಾರಿಕಾ ವಸಾಹತುಗಳಲ್ಲಿನ ಮಳಿಗೆ ಅಥವಾ ನಿವೇಶನಗಳ ಲಭ್ಯತೆಯನ್ನು ವಿಚಾರಿಸಬಹುದು. ನೋಟಿಸು ಬಂದ ಮೇಲೆ ಅವಸರದಲ್ಲಿ ಜಾಗ ಹುಡುಕುವುದಕ್ಕಿಂತ, ಗ್ರಾಹಕರನ್ನೂ ಕೆಲಸಗಾರರನ್ನೂ ಉಳಿಸಿಕೊಂಡು ಸಕಾಲದಲ್ಲಿ ಸ್ಥಳಾಂತರಗೊಳ್ಳುವುದೇ ಲಾಭದಾಯಕ.