ಗೇಟ್ ಮೋಟಾರ್ ರಿಪೇರಿ: ಹೆಸರು ಉಳಿಸುವ ಸೂತ್ರಗಳು

ರಿಮೋಟ್ ಒತ್ತಿದರೆ ತೆರೆಯುವ ಗೇಟು ಬೆಂಗಳೂರಿನ ದೊಡ್ಡ ವಿಲ್ಲಾಗಳಿಗೆ ಮಾತ್ರ ಮೀಸಲಾಗಿದ್ದ ಕಾಲ ಹೋಯಿತು. ಮೈಸೂರು, ಮಂಗಳೂರು, ಹುಬ್ಬಳ್ಳಿಯ ಬಡಾವಣೆಗಳಿಗೂ, 30×40 ಅಡಿ ಸೈಟಿನ ಮನೆಗಳಿಗೂ ಅದು ಬಂದಿದೆ. ಕೂರಿಸಿಕೊಡುವವರಿಗೆ ಬರವಿಲ್ಲ, ಕೆಟ್ಟಾಗ ಬಂದು ಸರಿಮಾಡುವವರು ಸಿಗುವುದೇ ಕಷ್ಟ. ಎಲೆಕ್ಟ್ರಿಷಿಯನ್‌ನನ್ನು ಕರೆದರೆ ‘ಗೇಟೇ ಹಿಡಿದುಕೊಂಡಿದೆ, ವೆಲ್ಡಿಂಗ್‌ನವರಿಗೆ ಹೇಳಿ’ ಅನ್ನುತ್ತಾರೆ. ವೆಲ್ಡಿಂಗ್‌ನವರು ‘ಕರೆಂಟಿನ ಗೊಡವೆ ನಮಗೆ ಬೇಡ ಸಾರ್’ ಎಂದು ಹೊರಡುತ್ತಾರೆ. ಕಬ್ಬಿಣ, ಕರೆಂಟು ಎರಡನ್ನೂ ಬಲ್ಲವರಿಗೆ ಈ ಇಬ್ಬರ ನಡುವೆ ಕೈತುಂಬ ಕೆಲಸವಿದೆ. ಐಟಿಐ ಮುಗಿಸಿ ಈ ಕಸುಬಿಗೆ ಇಳಿಯುತ್ತಿರುವ ಹುಡುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸೂತ್ರಗಳನ್ನು ಬರೆದಿದ್ದೇನೆ.

1. ಮೋಟಾರ್ ಕವರ್ ಬಿಚ್ಚುವ ಮೊದಲು ಗೇಟನ್ನು ಕೈಯಿಂದ ತಳ್ಳಿ

ಎಂಸಿಬಿ ಆಫ್ ಮಾಡಿ. ರಿಲೀಸ್ ಕೀ ತಿರುಗಿಸಿ ಮೋಟಾರಿನ ಹಿಡಿತ ಬಿಡಿಸಿ. ಆಮೇಲೆ ಗೇಟನ್ನು ಈ ತುದಿಯಿಂದ ಆ ತುದಿವರೆಗೆ ತಳ್ಳಿ ನೋಡಿ. ಸರಿಯಾದ ಸ್ಲೈಡಿಂಗ್ ಗೇಟು ಒಂದೇ ಕೈಗೆ ಓಡಬೇಕು, ಬಿಟ್ಟ ಜಾಗದಲ್ಲೇ ನಿಲ್ಲಬೇಕು. ಬಿಟ್ಟ ಕೂಡಲೇ ತಾನಾಗಿ ಜಾರಿದರೆ ಟ್ರ್ಯಾಕ್ ಇಳಿಜಾರಾಗಿದೆ. ಒಂದೇ ಜಾಗದಲ್ಲಿ ಪದೇಪದೇ ಹಿಡಿದರೆ ಅಲ್ಲಿ ಟ್ರ್ಯಾಕ್ ಬಾಗಿದೆ, ಇಲ್ಲವೇ ಜಲ್ಲಿಕಲ್ಲು, ಸಿಮೆಂಟು ಅಂಟಿದೆ. ಉದ್ದಕ್ಕೂ ಭಾರವಾಗಿದ್ದರೆ ವೀಲಿನ ಬೇರಿಂಗ್ ಹೋಗಿದೆ. ಸ್ವಿಂಗ್ ಗೇಟಾದರೆ ಹಿಂಜ್ ಜೋತುಬಿದ್ದು ಕೆಳಗಿನ ಮೂಲೆ ರ‍್ಯಾಂಪಿಗೆ ಉಜ್ಜುತ್ತಿದೆಯೇ ನೋಡಿ.

‘ಮೋಟಾರ್ ಕೆಟ್ಟಿದೆ’ ಎಂದು ಬರುವ ದೂರುಗಳಲ್ಲಿ ಎಷ್ಟೋ ಬಾರಿ ಕೆಟ್ಟಿರುವುದು ಗೇಟು. ಇಬ್ಬರು ನೂಕಬೇಕಾದ ಗೇಟಿಗೆ ಹೊಸ ಮೋಟಾರ್ ಹಾಕಿಕೊಟ್ಟರೆ ಅದೂ ಬೇಗನೆ ಸುಡುತ್ತದೆ, ಜೊತೆಗೆ ನಿಮ್ಮ ಹೆಸರೂ. ಮೋಟಾರಿನ ಪ್ಲೇಟಿನ ಮೇಲೆ 600 ಕೆ.ಜಿ. ಎಂದಿದ್ದರೆ, ಅದು ಮಟ್ಟಸವಾದ ಟ್ರ್ಯಾಕಿನ ಮೇಲೆ ಒಳ್ಳೆಯ ವೀಲಿನಲ್ಲಿ ಓಡುವ ಗೇಟಿನ ಲೆಕ್ಕ.

ಇನ್ನೊಂದು ವಿಷಯ ಮನೆಯವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು: ಮೋಟಾರ್ ಹಾಕಿದ ಮೇಲೆ ಗೇಟಿಗೆ ಶೀಟ್ ಬಡಿಸಿದ್ದಾರೆಯೇ? 1 ಮಿ.ಮೀ. ದಪ್ಪದ ಕಬ್ಬಿಣದ ಶೀಟು ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ. 12 ಅಡಿ ಉದ್ದ, 6 ಅಡಿ ಎತ್ತರದ ಗೇಟಿಗೆ 2 ಮಿ.ಮೀ. ಶೀಟ್ ಹೊದಿಸಿದರೆ ನೂರು ಕೆ.ಜಿ.ಗೂ ಹೆಚ್ಚು ಭಾರ ಕೂಡಿತು. ಸ್ವಿಂಗ್ ಗೇಟಿನಲ್ಲಿ ಭಾರಕ್ಕಿಂತ ಗಾಳಿ ಹೆಚ್ಚು ಕಾಡುತ್ತದೆ. ಸರಳಿನ ಗೇಟಿನ ನಡುವೆ ಹಾದುಹೋಗುತ್ತಿದ್ದ ಗಾಳಿ ಈಗ ಪೂರ್ತಿ ಶೀಟಿಗೆ ಬಡಿಯುತ್ತದೆ; ಆ ಒತ್ತಡವೆಲ್ಲ ಬೀಳುವುದು ಮೋಟಾರಿನ ಆರ್ಮ್ ಮೇಲೆ.

2. ದೂರನ್ನು ಪೂರ್ತಿ ಕೇಳಿಸಿಕೊಳ್ಳಿ, ಅದೂ ಸರಿಯಾದವರಿಂದ

ಯಜಮಾನರು ಕಾರಿನೊಳಗಿಂದ ರಿಮೋಟ್ ಒತ್ತುತ್ತಾರೆ, ಅಷ್ಟೇ. ಗೇಟಿನ ನಿಜವಾದ ಚರಿತ್ರೆ ಗೊತ್ತಿರುವುದು ವಾಚ್‌ಮನ್‌ಗೆ, ಡ್ರೈವರಿಗೆ, ಬೆಳಿಗ್ಗೆ ಅಂಗಳ ತೊಳೆಯುವ ಹೆಂಗಸಿಗೆ. ಅವರನ್ನು ಕೇಳಿ. ‘ಸಂಜೆ ಹೊತ್ತು ಮಾತ್ರ ಮುಚ್ಚುವುದಿಲ್ಲ’ ಅಂದರೆ ಇಳಿಬಿಸಿಲು ನೇರವಾಗಿ ಸೆನ್ಸರಿನ ಕಣ್ಣಿಗೆ ಬೀಳುತ್ತಿರಬಹುದು. ‘ಮಳೆ ಬಂದರೆ ತಾನಾಗಿಯೇ ತೆರೆದುಕೊಳ್ಳುತ್ತದೆ’ ಅಂದರೆ ಹೊರಗಿನ ಪುಶ್ ಬಟನ್‌ಗೆ ನೀರು ಇಳಿದು ಎರಡು ವೈರು ಕೂಡುತ್ತಿವೆ. ‘ಕರೆಂಟು ಹೋಗಿ ಬಂದ ಮೇಲೆ ಹೀಗಾಯಿತು’ ಅಂದರೆ ಫ್ಯೂಸಿನಿಂದ ಶುರುಮಾಡಿ. ಹೀಗೆ ಕೇಳಿಕೊಂಡರೆ ಅರ್ಧ ಕೆಲಸ ಟೂಲ್ ಬ್ಯಾಗ್ ತೆರೆಯುವ ಮೊದಲೇ ಮುಗಿಯುತ್ತದೆ.

3. ತೆರೆಯುತ್ತದೆ, ಆದರೆ ಮುಚ್ಚುವುದಿಲ್ಲ: ಕಂಬದ ಸೆನ್ಸರ್ ನೋಡಿ

ಎರಡು ಕಂಬಗಳಲ್ಲಿ ಎದುರುಬದುರಾಗಿರುವ ಫೋಟೋಸೆಲ್‌ಗಳ ನಡುವೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಹರಿಯುತ್ತಿರುತ್ತದೆ. ಅದು ಕಡಿದರೆ ಮೋಟಾರಿನ ಕಂಟ್ರೋಲ್ ಬೋರ್ಡು ಗೇಟನ್ನು ಮುಚ್ಚಲು ಬಿಡುವುದಿಲ್ಲ. ಜೇಡರ ಬಲೆ, ಕೆಸರಿನ ಹನಿ, ಬೆಳೆದು ಅಡ್ಡಬಂದ ಬೋಗನ್‌ವಿಲ್ಲಾ ಕೊಂಬೆ, ಸ್ಕೂಟರ್ ತಾಗಿ ಓರೆಯಾದ ಬ್ರಾಕೆಟ್ ಇವೇ ಸಾಮಾನ್ಯ ಕಾರಣಗಳು. ಮೆತ್ತನೆಯ ಬಟ್ಟೆಯಿಂದ ಒರೆಸಿ, ನೇರ ಮಾಡಿ. ನಂತರ ಮೀಟರಿನಲ್ಲಿ ಕಾಂಟ್ಯಾಕ್ಟ್ ಪರೀಕ್ಷಿಸಿ: ಮಾಮೂಲಿ ಎನ್‌ಸಿ ಜೋಡಣೆಯಲ್ಲಿ ಕಿರಣ ಸರಿಯಿದ್ದಾಗ ಕೂಡಿರಬೇಕು, ಕೈ ಅಡ್ಡ ಹಿಡಿದರೆ ಬಿಡಬೇಕು.

4. ಸೆನ್ಸರನ್ನು ಬೈಪಾಸ್ ಮಾಡಿ ಎದ್ದುಬರಬೇಡಿ

ಸೆನ್ಸರ್ ಕೆಟ್ಟಿದೆ, ಹೊಸದು ತರಲು ಎರಡು ದಿನ ಬೇಕು, ಮನೆಯವರಿಗೆ ಅವಸರ. ಟರ್ಮಿನಲ್‌ನಲ್ಲಿ ಒಂದು ತುಂಡು ವೈರು ಸಿಕ್ಕಿಸಿದರೆ ಗೇಟು ಓಡುತ್ತದೆ. ಈ ತುಂಡು ವೈರಿನಷ್ಟು ಅಪಾಯದ್ದು ಈ ಕಸುಬಿನಲ್ಲಿ ಬೇರೊಂದಿಲ್ಲ. ಎರಡು ದಿನ ಅನ್ನುವುದು ಎರಡು ವರ್ಷವಾಗುತ್ತದೆ. ಗೇಟು ಓಡುತ್ತಿರುವುದರಿಂದ ಯಾರೂ ನಿಮ್ಮನ್ನು ಮತ್ತೆ ಕರೆಯುವುದಿಲ್ಲ.

2010ರ ಬೇಸಿಗೆಯಲ್ಲಿ ಬ್ರಿಟನ್ನಿನ ಮ್ಯಾಂಚೆಸ್ಟರ್‌ನಲ್ಲೂ ವೇಲ್ಸ್‌ನ ಬ್ರಿಜೆಂಡ್‌ನಲ್ಲೂ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಪುಟ್ಟ ಹುಡುಗಿಯರು ಆಟೊಮ್ಯಾಟಿಕ್ ಗೇಟಿಗೆ ಸಿಕ್ಕಿ ಪ್ರಾಣ ಬಿಟ್ಟರು. ಮುಚ್ಚಿಕೊಳ್ಳುತ್ತಿದ್ದ ಗೇಟು ಮಗು ಅಡ್ಡ ಬಂದಾಗ ನಿಲ್ಲಲಿಲ್ಲ. ಯುರೋಪಿನ ಇಎನ್ 12453 ಮಾನದಂಡದ ಪ್ರಕಾರ, ಮುಚ್ಚಿಕೊಳ್ಳುವ ಅಂಚಿನಲ್ಲಿ ಮನುಷ್ಯ ಸಿಕ್ಕಿಕೊಳ್ಳಬಹುದಾದ ಸಂದಿಯಲ್ಲಿ ಗೇಟು ತಾಗುವ ಬಲ 400 ನ್ಯೂಟನ್ ಮೀರಕೂಡದು. ಅಂದರೆ ಸುಮಾರು 40 ಕೆ.ಜಿ. ಭಾರದ ಒತ್ತಡ. ಅದೂ ಕ್ಷಣಮಾತ್ರ ಇರಬೇಕು, ಕೂಡಲೇ ಬಿಡಬೇಕು. ಅಮೆರಿಕದ ಯುಎಲ್ 325 ಮಾನದಂಡವೂ ಸಿಕ್ಕಿಕೊಂಡವರನ್ನು ಕಾಪಾಡುವ ಸೆನ್ಸರನ್ನು ಕಡ್ಡಾಯ ಮಾಡಿದೆ. ನಮ್ಮಲ್ಲಿ ಮನೆಮನೆಗೆ ಬಂದು ಇದನ್ನು ಅಳೆಯುವವರಿಲ್ಲ. ಹಾಗಾಗಿ ಕೊನೆಯ ತಪಾಸಣೆ ನಿಮ್ಮದೇ.

ರಿಪೇರಿ ಮುಗಿದ ಮೇಲೆ ಎರಡು ಪರೀಕ್ಷೆ ಮಾಡಿ. ಮುಚ್ಚುತ್ತಿರುವ ಗೇಟಿಗೆ ರಟ್ಟಿನ ಡಬ್ಬಿಯೊಂದನ್ನು ಅಡ್ಡ ಹಿಡಿಯಿರಿ, ಕಿರಣ ಕಡಿದ ಕೂಡಲೇ ಹಿಂದಕ್ಕೆ ಹೋಗಬೇಕು. ನಂತರ ಕಿರಣಕ್ಕೆ ಸಿಗದಂತೆ ಮರದ ತುಂಡು ಇಟ್ಟು ನೋಡಿ, ತಾಗಿದ ಮೇಲೂ ಅದು ಹಿಂದಕ್ಕೆ ಸರಿಯಬೇಕು. ಸರಿಯದಿದ್ದರೆ ಫೋರ್ಸ್ ಸೆಟ್ಟಿಂಗ್ ಕಡಿಮೆ ಮಾಡಿ. ಗೇಟು ಭಾರವಾಯಿತೆಂದು ಫೋರ್ಸ್ ಏರಿಸಿ ಓಡಿಸುವುದು ರಿಪೇರಿಯಲ್ಲ. ಬೈಪಾಸ್ ಬೇಡವೆಂದರೆ ಮನೆಯವರು ಒಪ್ಪದಿದ್ದರೆ ಗೇಟನ್ನು ಮ್ಯಾನ್ಯುಯಲ್‌ನಲ್ಲಿ ಬಿಟ್ಟು, ಹೊಸ ಸೆನ್ಸರ್ ಬರುವವರೆಗೆ ಕೈಯಿಂದ ತಳ್ಳಿಕೊಳ್ಳಲು ಹೇಳಿ ಬನ್ನಿ. ಆ ಗಿರಾಕಿ ಹೋದರೂ ಚಿಂತೆಯಿಲ್ಲ.

5. ಟ್ರ್ಯಾಕಿನ ಎರಡೂ ತುದಿಗೆ ಸ್ಟಾಪರ್ ಇರಲೇಬೇಕು

ಲಿಮಿಟ್ ಸ್ವಿಚ್ ಇದೆಯಲ್ಲ ಎಂದು ಸ್ಟಾಪರ್ ಬಿಡುವವರಿದ್ದಾರೆ. ಲಿಮಿಟ್ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆ, ಗೇಟನ್ನಲ್ಲ. ಮ್ಯಾನ್ಯುಯಲ್‌ನಲ್ಲಿ ಜೋರಾಗಿ ತಳ್ಳಿದ ಗೇಟು ಟ್ರ್ಯಾಕ್ ದಾಟಿ, ಮೇಲಿನ ಗೈಡ್ ರೋಲರಿನಿಂದ ಕಳಚಿಕೊಂಡರೆ ಮಗುಚಿ ಬೀಳುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಲ್ಲೇಶ್ವರದ ಆಟದ ಮೈದಾನವೊಂದರಲ್ಲಿ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಶಾಲಾ ಬಾಲಕನೊಬ್ಬ ತೀರಿಕೊಂಡ. ಗೇಟಿಗೆ ಮೋಟಾರ್ ಇರಲಿ ಇಲ್ಲದಿರಲಿ, ಬೀಳುವ ಭಾರ ಅದೇ. ತುದಿಗಳ ಸ್ಟಾಪರ್, ಮೇಲಿನ ಗೈಡ್ ನೋಡದೆ ಯಾವ ಸ್ಲೈಡಿಂಗ್ ಗೇಟಿನ ಕೆಲಸವೂ ಮುಗಿಯಿತು ಅನ್ನಬೇಡಿ.

6. ‘ಗುಂಯ್’ ಅಂದು ನಿಂತರೆ ಮೊದಲು ಕೆಪಾಸಿಟರ್

230 ವೋಲ್ಟಿನ ಎಸಿ ಮೋಟಾರ್ ಸದ್ದು ಮಾಡುತ್ತದೆ, ತಿರುಗುವುದಿಲ್ಲ. ಗೇಟು ಹಗುರವಾಗಿದೆ ಎಂದು ಮೊದಲನೇ ಸೂತ್ರದಿಂದ ಖಚಿತವಾಗಿದ್ದರೆ ಅನುಮಾನ ಕೆಪಾಸಿಟರ್ ಮೇಲೆ. ಎಂಸಿಬಿ ಆಫ್ ಮಾಡಿದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಹಿಡಿದು ಖಾಲಿ ಮಾಡದೆ ಬೆರಳು ತಾಗಿಸಬೇಡಿ. ಆಮೇಲೆ ಮೀಟರಿನಲ್ಲಿ ಅಳೆಯಿರಿ. ಮೈಮೇಲೆ 16 ಮೈಕ್ರೊಫ್ಯಾರಡ್ ಎಂದು ಬರೆದಿದ್ದು ಮೀಟರು 10, 11 ತೋರಿಸಿದರೆ ಅದರ ಆಯಸ್ಸು ಮುಗಿದಿದೆ. ಅದೇ ಮೌಲ್ಯದ್ದನ್ನೇ ಹಾಕಿ, ವೋಲ್ಟೇಜ್ ಮೊದಲಿದ್ದದ್ದಕ್ಕಿಂತ ಕಡಿಮೆಯದ್ದು ಬೇಡ. ‘ಸ್ವಲ್ಪ ಜೋರಾಗಲಿ’ ಎಂದು ದೊಡ್ಡದು ಹಾಕಿದರೆ ವೈಂಡಿಂಗ್ ಬಿಸಿಯಾಗುತ್ತದೆ. ಕೆಪಾಸಿಟರ್ ಅಗ್ಗದ ಸಾಮಾನು. ಇಲ್ಲೇ ಕೆಲವರು ‘ಮೋಟಾರ್ ಸುಟ್ಟಿದೆ’ ಎಂದು ಹೇಳಿ ಹೊಸದಕ್ಕೆ ಬಿಲ್ ಮಾಡುತ್ತಾರೆ. ನೀವು ಕೆಪಾಸಿಟರ್ ಬದಲಿಸಿ ಗೇಟು ಓಡಿಸಿ ಬಂದರೆ ಆ ಬೀದಿಯ ಉಳಿದ ಮನೆಗಳ ಫೋನೂ ನಿಮಗೇ ಬರುತ್ತದೆ.

7. ಬಿಸಿಯಾಗಿ ನಿಂತ ಮೋಟಾರನ್ನು ಆರಲು ಬಿಡಿ

ಗೃಹಪ್ರವೇಶ, ನಾಮಕರಣದ ದಿನ ಗೇಟು ಬಿಡುವಿಲ್ಲದೆ ಓಡುತ್ತದೆ. ಮನೆಬಳಕೆಯ ಎಸಿ ಮೋಟಾರಿನೊಳಗಿನ ಥರ್ಮಲ್ ಸ್ವಿಚ್ ಬಿಸಿ ಮೀರಿದಾಗ ಕರೆಂಟು ಕಡಿದು ಮೋಟಾರನ್ನು ಉಳಿಸುತ್ತದೆ, ತಣ್ಣಗಾದ ಮೇಲೆ ತಾನೇ ಕೂಡಿಸುತ್ತದೆ. ಅಂಥ ದಿನ ಗೇಟನ್ನು ತೆರೆದೇ ಇಡಲು ಫೋನಿನಲ್ಲೇ ಹೇಳಿಬಿಡಿ.

8. ರ‍್ಯಾಕ್, ಪಿನಿಯನ್ ನಡುವೆ ಒಂದೆರಡು ಮಿಲಿಮೀಟರ್ ಸಂದಿ ಇರಲಿ

ಗೇಟಿನ ಭಾರ ವೀಲಿನ ಮೇಲಿರಬೇಕು, ಪಿನಿಯನ್ ಮೇಲಲ್ಲ. ವೀಲು ಸವೆದಂತೆ ಗೇಟು ಕೆಳಗಿಳಿದು ರ‍್ಯಾಕ್ ಪಿನಿಯನ್ ಮೇಲೆ ಕೂರುತ್ತದೆ. ಗೇರ್‌ಬಾಕ್ಸಿನ ಬೇರಿಂಗ್ ಸಾಯುವುದು ಹೀಗೆ. ಸಂದಿಯನ್ನು ಒಂದೇ ಕಡೆ ನೋಡಬೇಡಿ. ಗೇಟನ್ನು ನಿಧಾನವಾಗಿ ಸರಿಸುತ್ತ ಉದ್ದಕ್ಕೂ ನೋಡಿ. ಎರಡು ರ‍್ಯಾಕ್ ತುಂಡು ಸೇರುವಲ್ಲಿ ‘ಟಕ್’ ಎಂದರೆ ಹಲ್ಲಿನ ಅಂತರ ತಪ್ಪಿದೆ. ಮೂರನೆಯ ತುಂಡೊಂದನ್ನು ತಲೆಕೆಳಗಾಗಿ ಎರಡರ ಹಲ್ಲಿಗೂ ಕಚ್ಚಿಸಿ ಹಿಡಿದು, ಆ ಸ್ಥಿತಿಯಲ್ಲೇ ಬೋಲ್ಟ್ ಬಿಗಿ ಮಾಡಿದರೆ ಅಂತರ ಕೂದಲೆಳೆಯಷ್ಟೂ ತಪ್ಪದು. ರ‍್ಯಾಕಿಗೆ ಗ್ರೀಸ್ ಬಳಿಯಬೇಡಿ. ನಮ್ಮ ಬೀದಿಯ ಧೂಳು ಅದಕ್ಕೆ ಅಂಟಿ ಉಪ್ಪುಕಾಗದದಂತೆ ಹಲ್ಲು ತಿನ್ನುತ್ತದೆ.

9. ಹಲ್ಲಿ, ಇರುವೆಗೆ ದಾರಿ ಮುಚ್ಚಿ

ಬೋರ್ಡಿನ ಡಬ್ಬಿಯೊಳಗೆ ಬೆಚ್ಚಗಿರುತ್ತದೆ, ಕತ್ತಲಿರುತ್ತದೆ. ಹಲ್ಲಿ ಮೊಟ್ಟೆಯಿಡಲು ಇನ್ನೇನು ಬೇಕು? ಸತ್ತ ಹಲ್ಲಿ ಎರಡು ಟರ್ಮಿನಲ್ ನಡುವೆ ಬಿದ್ದು ಬೋರ್ಡು ಸುಟ್ಟಿರುವುದನ್ನು ಈ ಕೆಲಸದವರೆಲ್ಲ ನೋಡಿರುತ್ತಾರೆ. ಕೇಬಲ್ ಒಳಬರುವ ತೂತಿಗೆ ಗ್ಲ್ಯಾಂಡ್ ಹಾಕಿ, ಉಳಿದ ಸಂದಿಗೆ ಸಿಲಿಕೋನ್ ತುಂಬಿ. ಕೇಬಲ್ ಡಬ್ಬಿಗೆ ಸೇರುವ ಮೊದಲು ಕೆಳಗೆ ಒಂದು ಬಾಗು ಕೊಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮಂಗಳೂರು, ಉಡುಪಿ ಕಡೆ ಉಪ್ಪುಗಾಳಿಗೆ ತಾಮ್ರದ ತುದಿಗಳು ಹಸಿರುಗಟ್ಟುತ್ತವೆ. ಅಲ್ಲಿ ಪ್ರತಿ ಭೇಟಿಯಲ್ಲೂ ಟರ್ಮಿನಲ್ ಬಿಚ್ಚಿ, ವೈರಿನ ತುದಿ ಹೊಸದಾಗಿ ಸುಲಿದು ಹಾಕಿ.

10. ಬೋರ್ಡು ಹೋಯಿತು ಅನ್ನುವ ಮೊದಲು ಹೊರಗಿನ ವೈರುಗಳನ್ನು ಬಿಡಿಸಿ ನೋಡಿ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಈ ಕಸುಬಿನ ಸುಗ್ಗಿ. ಸಿಡಿಲಿನ ಮರುದಿನ ಗೇಟು ಸತ್ತಿದ್ದರೆ ಎಲ್ಲರೂ ಬೋರ್ಡಿನ ಬೆಲೆ ಹೇಳುತ್ತಾರೆ. ನೀವು ಮೊದಲು ಫ್ಯೂಸ್, ನಂತರ ಟ್ರಾನ್ಸ್‌ಫಾರ್ಮರಿನ ಎರಡೂ ಬದಿಯ ವೋಲ್ಟೇಜ್ ನೋಡಿ. ಅದೂ ಸರಿಯಿದ್ದರೆ ಫೋಟೋಸೆಲ್, ಬಟನ್, ಮಿಣುಕು ದೀಪಗಳನ್ನು ಒಂದೊಂದಾಗಿ ಬಿಡಿಸಿ. ಯಾವುದೋ ಒಂದು ಶಾರ್ಟ್ ಆಗಿ ಇಡೀ ಬೋರ್ಡನ್ನು ಕೆಡವಿರುವುದುಂಟು. ಫ್ಯೂಸ್ ಹಾಕುವಾಗ ಅದೇ ಆಂಪಿಯರ್‌ನದು ಹಾಕಿ, ತಾಮ್ರದ ಎಳೆ ಸುತ್ತಬೇಡಿ. ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಸರಿಯಾದ ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್ ಇಲ್ಲದೆ ಹೊಸ ಬೋರ್ಡು ಕೂರಿಸಿದರೆ ಮುಂದಿನ ಮಳೆಗಾಲಕ್ಕೆ ಇನ್ನೊಂದು ಬೋರ್ಡು ಖಚಿತ.

11. ಮಾಡೆಲ್ ನಂಬರಿನ ಮ್ಯಾನ್ಯುಯಲ್ ಮೊಬೈಲಿನಲ್ಲಿ ಇಟ್ಟುಕೊಳ್ಳಿ

ನಮ್ಮಲ್ಲಿ ಸಿಗುವ ಎಷ್ಟೋ ಮೋಟಾರುಗಳು ಇಟಲಿಯವು. ಫಾಕ್, ನೈಸ್, ಬಿಎಫ್‌ಟಿ ಎಲ್ಲ ಅಲ್ಲಿನ ಕಂಪನಿಗಳೇ. ಬೋರ್ಡಿನ ಮೇಲಿನ ಸಂಕೇತಗಳ ಅರ್ಥ ಮ್ಯಾನ್ಯುಯಲ್ ನೋಡಿದರೆ ತಿಳಿಯುತ್ತದೆ. ಇಟಲಿಯ ಹಲವು ಬೋರ್ಡುಗಳಲ್ಲಿ ಎಫ್‌ಸಿಎ ಎಂದರೆ ತೆರೆದಾಗಿನ ಲಿಮಿಟ್, ಎಫ್‌ಸಿಸಿ ಎಂದರೆ ಮುಚ್ಚಿದಾಗಿನ ಲಿಮಿಟ್. ಗೇಟಿನ ದಿಕ್ಕು ಬದಲಿಸಲು ಮೋಟಾರಿನ ವೈರು ಅದಲುಬದಲು ಮಾಡಿದರೆ ಈ ಎರಡನ್ನೂ ಅದಲುಬದಲು ಮಾಡಬೇಕು. ಮರೆತರೆ ಗೇಟು ತುದಿಗೆ ಬಡಿಯುವವರೆಗೂ ನಿಲ್ಲದು.

12. ಕಳೆದ ರಿಮೋಟನ್ನು ಮೆಮೊರಿಯಿಂದ ಅಳಿಸಿ

ರಿಮೋಟ್ ಕೆಲಸ ಮಾಡದಿದ್ದರೆ ಬ್ಯಾಟರಿ ಬದಲಿಸಿ. ಹಲವು ರಿಮೋಟುಗಳಿಗೆ 27ಎ ಎಂಬ 12 ವೋಲ್ಟಿನ ಪುಟ್ಟ ಸೆಲ್ ಸಾಕು. ಇದಕ್ಕಿಂತ ಮುಖ್ಯವಾದದ್ದು ಭದ್ರತೆ. ರಿಮೋಟ್ ಕಳೆದಾಗ, ಡ್ರೈವರ್ ಕೆಲಸ ಬಿಟ್ಟಾಗ, ಬಾಡಿಗೆಯವರು ಖಾಲಿ ಮಾಡಿದಾಗ ರಿಸೀವರಿನ ಮೆಮೊರಿ ಪೂರ್ತಿ ಅಳಿಸಿ, ಮನೆಯಲ್ಲಿರುವ ರಿಮೋಟುಗಳನ್ನು ಮಾತ್ರ ಮತ್ತೆ ಸೇರಿಸಿ. ಒತ್ತಿದಾಗಲೆಲ್ಲ ಕೋಡ್ ಬದಲಾಗುವ ರೋಲಿಂಗ್ ಕೋಡ್ ರಿಮೋಟನ್ನೇ ಶಿಫಾರಸು ಮಾಡಿ. ಒಂದೇ ಕೋಡಿನ ಹಳೆಯ ರಿಮೋಟುಗಳನ್ನು ನಕಲು ಮಾಡುವುದು ಯಾರಿಗಾದರೂ ಸುಲಭ.

13. 24 ವೋಲ್ಟಿನ ಸಿಸ್ಟಮ್‌ನಲ್ಲಿ ಎರಡೂ ಬ್ಯಾಟರಿ ಒಟ್ಟಿಗೇ ಬದಲಿಸಿ

ಸರಣಿಯಲ್ಲಿರುವ ಎರಡು 12 ವೋಲ್ಟಿನ ಬ್ಯಾಟರಿಗಳಲ್ಲಿ ಹಳೆಯದು ಹೊಸದನ್ನೂ ಹಾಳುಮಾಡುತ್ತದೆ. ಮೇನ್ಸ್ ಆಫ್ ಮಾಡಿ ಗೇಟು ಓಡಿಸಿ ತೋರಿಸಿಯೇ ಹೊರಡಿ.

14. ಲೆಕ್ಕ ಬಾಯಲ್ಲಿ ಬೇಡ, ಬರಹದಲ್ಲಿರಲಿ

ಹೋಗುವ ಮೊದಲೇ ವಿಸಿಟಿಂಗ್ ಚಾರ್ಜ್ ಹೇಳಿ. ಬದಲಿಸಿದ ಹಳೆಯ ಪಾರ್ಟನ್ನು ಮನೆಯವರ ಕೈಗೆ ಕೊಡಿ. ಕವರಿನ ಒಳಬದಿಯಲ್ಲಿ ಮಾರ್ಕರ್‌ನಿಂದ ದಿನಾಂಕ, ಮಾಡಿದ ಕೆಲಸ ಬರೆಯಿರಿ. ಮುಂದಿನ ಸಲ ನಿಮಗೇ ಉಪಕಾರ. ವರ್ಷಕ್ಕೆರಡು ಸರ್ವಿಸ್‌ಗೆ ಒಪ್ಪಿಸಿ: ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಒಂದು, ಮಳೆ ಕಳೆದ ಮೇಲೆ ಇನ್ನೊಂದು.

15. ರಿಲೀಸ್ ಕೀ ಎಲ್ಲಿದೆ ಎಂದು ಕೇಳಿ

ಬಹಳಷ್ಟು ಮನೆಗಳಲ್ಲಿ ಉತ್ತರ ಸಿಗುವುದಿಲ್ಲ. ಬೀರುವಿನಲ್ಲೋ, ಯಾವುದೋ ಡ್ರಾಯರಿನಲ್ಲೋ ಅದು ಮೊದಲ ದಿನದಿಂದ ಬಿದ್ದಿರುತ್ತದೆ. ರಾತ್ರಿ ಕರೆಂಟಿಲ್ಲ, ಮನೆಯಲ್ಲಿರುವುದು ವಯಸ್ಸಾದ ಇಬ್ಬರೇ, ಆಂಬುಲೆನ್ಸ್ ಗೇಟಿನ ಹೊರಗೆ ನಿಂತಿದೆ ಅಂದುಕೊಳ್ಳಿ. ಆಗ ಬೇಕಾಗುವುದು ಆ ಪುಟ್ಟ ಕೀ. ಅದನ್ನು ಹುಡುಕಿಸಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿಸಿ. ಮನೆಯ ಅಜ್ಜಿ, ತಾತನನ್ನು ಗೇಟಿನ ಬಳಿ ಕರೆದು, ಅವರ ಕೈಯಲ್ಲೇ ಕೀ ತಿರುಗಿಸಿ ಗೇಟು ತಳ್ಳಿಸಿ. ಅವರಿಗೆ ಬಂತು ಎಂದು ಖಾತ್ರಿಯಾಗುವವರೆಗೆ ದಯವಿಟ್ಟು ಆ ಮನೆಯಿಂದ ಹೊರಡಬೇಡಿ.