ಟವರು ಹುಡುಕುವ ಫೋನಿಗೆ ಹಸಿವು ಹೆಚ್ಚು

ತೈಪೂಸಂ ಹಬ್ಬಕ್ಕೆ ಕೊಯಮತ್ತೂರು ಕಡೆಯಿಂದ ಪಳನಿಗೆ ಕಾಲ್ನಡಿಗೆಯಲ್ಲಿ ಹೊರಟವರು ಪೊಳ್ಳಾಚಿ, ಉಡುಮಲ್‌ಪೇಟೆ ದಾಟಿ ಮಡತ್ತುಕುಳಂ ಮುಟ್ಟುವ ಹೊತ್ತಿಗೆ ನೂರು ಕಿ.ಮೀ. ದಾರಿಯ ಬಹುಪಾಲು ಸವೆದಿರುತ್ತದೆ. ಜೇಬಿನಲ್ಲಿರುವ ಫೋನಿನ ಬ್ಯಾಟರಿಯೂ ಸವೆದಿರುತ್ತದೆ. ಅಮರಾವತಿ ನದಿಯ ಸೀಮೆಯ ಈ ಪಟ್ಟಣ ಉಡುಮಲ್‌ಪೇಟೆಗೂ ಪಳನಿಗೂ ಹೆಚ್ಚುಕಡಿಮೆ ನಟ್ಟನಡುವೆ ಇದೆ. ಇನ್ನೂ ಅರ್ಧ ದಿನದ ನಡಿಗೆ ಬಾಕಿ, ಹೆಗಲ ಮೇಲೆ ಕಾವಡಿ, ಚಾರ್ಜರ್ ಚುಚ್ಚಲು ಪ್ಲಗ್ಗು ಎಲ್ಲೂ ಕಾಣದು. ಇಂಥಲ್ಲಿ ಎಲ್ಲರ ಬಾಯಲ್ಲೂ ಬರುವ ಪುಕ್ಕಟೆ ಸಲಹೆ ಒಂದೇ: ‘ವೈಫೈ, ಬ್ಲೂಟೂತ್ ಆಫ್ ಮಾಡಿಬಿಡಿ.’ ಸಲಹೆ ಸುಳ್ಳಲ್ಲ, ಆದರೆ ಕಳ್ಳನನ್ನು ಬಿಟ್ಟು ಕಳ್ಳನ ನೆರೆಮನೆಯವನನ್ನು ಹಿಡಿದಂತೆ. ಬ್ಯಾಟರಿಯನ್ನು ನಿಜವಾಗಿ ತಿನ್ನುವ ನಿಸ್ತಂತು ಭಾಗ ಸಿಮ್ಮಿನದು, ಅದೂ ಟವರು ಸರಿಯಾಗಿ ಸಿಗದ ಜಾಗದಲ್ಲಿ. ಆದ್ದರಿಂದ ಯಾವುದನ್ನು ಆಫ್ ಮಾಡಬೇಕು ಎಂಬುದನ್ನು ನಿಮ್ಮ ಅಭ್ಯಾಸ ತೀರ್ಮಾನಿಸಬಾರದು, ನೀವು ನಿಂತಿರುವ ಜಾಗ ತೀರ್ಮಾನಿಸಬೇಕು.

ಇದಕ್ಕೆ ಆಧಾರವೇನು ಎಂದು ಕೇಳಿದರೆ ಉತ್ತರ ಒಂದು ಅಂಕಿಯಲ್ಲಿದೆ. ಸಿಗ್ನಲ್ಲಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ, ಫೋನಿನಲ್ಲಿ ಅದು ಮೈನಸ್ ಸಂಖ್ಯೆಯಾಗಿ ಕಾಣುತ್ತದೆ. ಮೈನಸ್ 80 ಎಂದರೆ ಒಳ್ಳೆಯ ಸಿಗ್ನಲ್ಲು, ಮೈನಸ್ 110 ಎಂದರೆ ಏದುಸಿರು. ನೋಡಲು 30ರ ವ್ಯತ್ಯಾಸ, ಆದರೆ ಈ ಲೆಕ್ಕದಲ್ಲಿ ಪ್ರತಿ 10ಕ್ಕೆ ಹತ್ತು ಪಟ್ಟು. ಅಂದರೆ ಸಿಗ್ನಲ್ಲು ಸಾವಿರ ಪಟ್ಟು ಸೊರಗಿದೆ ಎಂದರ್ಥ. ಟವರಿನ ಮಾತು ಇಷ್ಟು ಕ್ಷೀಣವಾಗಿ ಕೇಳಿದಾಗ ಫೋನು ತನ್ನ ದನಿಯನ್ನು ಅಷ್ಟೇ ಏರಿಸಬೇಕಾಗುತ್ತದೆ. ಟವರಿನ ಬುಡದಲ್ಲಿ ಪಿಸುಗುಟ್ಟಿದರೆ ಸಾಕಾಗಿದ್ದ ಫೋನು ತೆಂಗಿನ ತೋಟದ ಆಚೆ ಗಂಟಲು ಹರಿಯುವಂತೆ ಕೂಗುತ್ತದೆ. 4ಜಿ ಫೋನು ಸಾಮಾನ್ಯವಾಗಿ 200 ಮಿಲಿವ್ಯಾಟ್‌ವರೆಗೆ ಕೂಗಬಲ್ಲದು, ಹಳೆಯ 2ಜಿಯಲ್ಲಿ ಈ ಮಿತಿ 2 ವ್ಯಾಟ್ ಇತ್ತು. ಆಂಟೆನಾದಿಂದ ಹೊರಡುವ 200 ಮಿಲಿವ್ಯಾಟ್‌ಗೆ ಬ್ಯಾಟರಿ ಅದರ ಹಲವು ಪಟ್ಟು ತೆರುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಸಿಗ್ನಲ್ಲಿಲ್ಲದ ಕಡೆ ಫೋನು ಸುಮ್ಮನೆ ಬಿಸಿಯಾಗುವುದು ಇದೇ ಕಾರಣಕ್ಕೆ. ಇದರ ಮೇಲೆ ಇನ್ನೊಂದು ಖರ್ಚೂ ಇದೆ: ಒಂದು ಚಿಕ್ಕ ಸಂದೇಶ ಬಂದು ಹೋದ ಮೇಲೂ ಸಿಮ್ಮಿನ ರೇಡಿಯೊ ‘ಇನ್ನೇನಾದರೂ ಬಂದೀತೇ’ ಎಂದು ಹತ್ತು ಸೆಕೆಂಡಿನಷ್ಟು ಎಚ್ಚರವಾಗಿಯೇ ಕುಳಿತಿರುತ್ತದೆ. ನಿಮಿಷಕ್ಕೆ ಐದಾರು ವಾಟ್ಸಾಪ್ ಗ್ರೂಪು ಸಂದೇಶ ಬಂದರೆ ಅದಕ್ಕೆ ನಿದ್ದೆಯೇ ಇಲ್ಲ.

ವೈಫೈ, ಬ್ಲೂಟೂತ್‌ಗಳ ಸಂಗತಿ ಬೇರೆ. ಮನೆಯ ರೂಟರ್ ಸೆಕೆಂಡಿಗೆ ಸುಮಾರು 10 ಸಲ ‘ಇಲ್ಲಿದ್ದೇನೆ’ ಎಂದು ಸಾರುತ್ತದೆ. ಅದಕ್ಕೆ ಜೋಡಿಯಾಗಿರುವ ಫೋನು ನಡುನಡುವೆ ಕಣ್ಣು ತೆರೆದು ಕೇಳಿ ಮತ್ತೆ ಮಲಗುತ್ತದೆ. ಬ್ಲೂಟೂತ್‌ನಲ್ಲಿ ಮಿತವ್ಯಯದ ವಿಧಾನ 2010ರಲ್ಲಿ, ಅದರ 4.0 ಆವೃತ್ತಿಯೊಡನೆ ಬಂತು. ಅದಕ್ಕೂ ಹಿಂದಿನ ಫೋನುಗಳಿಗೆ ‘ಬ್ಲೂಟೂತ್ ಆಫ್ ಮಾಡು’ ಎಂಬ ಮಾತು ನ್ಯಾಯವಾಗಿತ್ತು. ಫೋನು ಬದಲಾಯಿತು, ಬುದ್ಧಿವಾದ ಹಳೆಯದೇ ಉಳಿಯಿತು. ಕೈಗಡಿಯಾರಕ್ಕೆ ಜೋಡಿಸಿರುವ ಬ್ಲೂಟೂತ್ ಆರಿಸಿ ಇಡೀ ದಿನದಲ್ಲಿ ಉಳಿಸುವುದನ್ನು ಬಿಸಿಲಲ್ಲಿ ಪರದೆಯ ಬೆಳಕು ಪೂರ್ತಿ ಏರಿಸಿ ಹತ್ತು ನಿಮಿಷ ವಿಡಿಯೊ ನೋಡಿ ಕಳೆದುಬಿಡಬಹುದು. ಪರದೆಯೇ ದೊಡ್ಡ ತಿಂಡಿಪೋತ ಎಂಬ ಆಕ್ಷೇಪವನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಪರದೆ ತಿನ್ನುವುದು ನೀವು ನೋಡುತ್ತಿರುವಾಗ. ಸಿಮ್ಮು ತಿನ್ನುವುದು ಫೋನು ಜೇಬಿನಲ್ಲಿರುವಾಗ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ರೋಗ ಗೊತ್ತುಮಾಡಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಫೋನಿನ ಕುರಿತ ವಿವರದ ಪುಟದಲ್ಲಿ ಸಿಮ್ ಸ್ಥಿತಿ ಎಂಬುದನ್ನು ತೆರೆದರೆ ಆ ಮೈನಸ್ ಸಂಖ್ಯೆ ಸಿಗುತ್ತದೆ. ಎರಡು ಸಿಮ್ ಇದ್ದರೆ ಎರಡನ್ನೂ ನೋಡಿ. ನೀವು ಹೆಚ್ಚು ಹೊತ್ತು ಇರುವ ಎರಡು ಮೂರು ಜಾಗಗಳಲ್ಲಿ, ಅಂದರೆ ಮಲಗುವ ಕೋಣೆ, ಗಿರಣಿ ಅಥವಾ ಅಂಗಡಿ, ತೋಟದಲ್ಲಿ, ಹೀಗೆ ನೋಡಿ ಗುರುತು ಹಾಕಿಕೊಂಡರೆ ಮುಂದಿನ ಕೆಲಸ ಅರ್ಧ ಮುಗಿದಂತೆ. ಕೊಯಮತ್ತೂರು–ತಿರುಪ್ಪೂರು ಸೀಮೆಯಲ್ಲಿ ಕನ್ನಡ ಮನೆಮಾತಿನ ದೇವಾಂಗ ಕುಟುಂಬಗಳಲ್ಲಿ ಫೋನಿನ ಭಾಷೆ ತಮಿಳಿನಲ್ಲಿರುವುದೂ ಉಂಟು. ಅಂಥ ಫೋನಿನಲ್ಲಿ ಸೆಟ್ಟಿಂಗ್ಸ್ ಹುಡುಕಬೇಕಾದ್ದು ‘ಅಮೈಪ್ಪುಗಳ್’ ಎಂಬಲ್ಲಿ, ಏರ್‌ಪ್ಲೇನ್ ಮೋಡ್ ಹುಡುಕಬೇಕಾದ್ದು ‘ವಿಮಾನಪ್ ಪಯನ್‌ಮುರೈ’ ಎಂಬಲ್ಲಿ. ಹೆಸರು ಮರೆತರೂ ವಿಮಾನದ ಚಿತ್ರ ಎಲ್ಲ ಭಾಷೆಯಲ್ಲೂ ಒಂದೇ.

ಮನೆಯಲ್ಲೋ ಕೆಲಸದ ಜಾಗದಲ್ಲೋ ವೈಫೈ ಇದ್ದರೆ ಅದನ್ನು ಆರಿಸಬೇಡಿ, ಮೊಬೈಲ್ ಡೇಟಾ ಆರಿಸಿ. ಅದೇ ವಿಡಿಯೊ, ಅದೇ ಸಂದೇಶ ವೈಫೈನಲ್ಲಿ ಬಂದರೆ ಬ್ಯಾಟರಿಗೆ ಅಗ್ಗ, ಏಕೆಂದರೆ ರೂಟರ್ ಹತ್ತು ಅಡಿ ದೂರದಲ್ಲಿದೆ, ಟವರು ಒಂದೆರಡು ಕಿ.ಮೀ. ಆಚೆಗಿದೆ. ‘ಡೇಟಾ ಆರಿಸಿದರೆ ಜಿಯೊದಲ್ಲಿ ಕರೆಯೇ ಬರುವುದಿಲ್ಲವಲ್ಲ’ ಎಂದು ಕೆಲವರು ಹೆದರುತ್ತಾರೆ. ಬರುತ್ತದೆ. 4ಜಿಯಲ್ಲಿ ಮಾತು ಹೋಗುವ ದಾರಿ ಬೇರೆ, ಇಂಟರ್‌ನೆಟ್ ಹೋಗುವ ದಾರಿ ಬೇರೆ. ನೀವು ಮುಚ್ಚುತ್ತಿರುವುದು ಎರಡನೆಯದನ್ನು. ಮುಚ್ಚಬಾರದ್ದೆಂದರೆ 4ಜಿಯನ್ನೇ: ‘2ಜಿ ಮಾತ್ರ’ ಎಂದು ಇಟ್ಟರೆ ಬ್ಯಾಟರಿ ಉಳಿಯುತ್ತದೆ ಎಂಬ ಇನ್ನೊಂದು ಹಳೇ ಸಲಹೆಯನ್ನು ಜಿಯೊ ಸಿಮ್ಮಿನಲ್ಲಿ ಪಾಲಿಸಿದರೆ ಫೋನು ಮೂಕವಾಗುತ್ತದೆ, 2016ರಲ್ಲಿ 4ಜಿಯಿಂದಲೇ ಶುರುವಾದ ಆ ಜಾಲಕ್ಕೆ 2ಜಿ ಇಲ್ಲವೇ ಇಲ್ಲ. ದಪ್ಪ ಗೋಡೆಯ ಹಳೆ ಮನೆಯಲ್ಲೋ ತಗಡಿನ ಛಾವಣಿಯ ಕೆಳಗೋ ಸಿಮ್ಮಿನ ಸಂಖ್ಯೆ ಮೈನಸ್ 110ರ ಆಚೆ ಬಿದ್ದಿದ್ದು, ವೈಫೈ ಮಾತ್ರ ಚೆನ್ನಾಗಿದ್ದರೆ ಇನ್ನೊಂದು ಹೆಜ್ಜೆ ಮುಂದಿಡಬಹುದು: ಮೊದಲು ಏರ್‌ಪ್ಲೇನ್ ಮೋಡ್ ಒತ್ತಿ, ಆಮೇಲೆ ವೈಫೈ ಒಂದನ್ನೇ ಮತ್ತೆ ಆನ್ ಮಾಡಿ, ಕರೆಯ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಶುರುಮಾಡಿ. ಏರ್‌ಟೆಲ್ 2019ರ ಡಿಸೆಂಬರ್‌ನಿಂದ, ಜಿಯೊ 2020ರ ಜನವರಿಯಿಂದ ಈ ಸೌಲಭ್ಯ ಕೊಡುತ್ತಿವೆ. ಟವರಿನ ಹಂಗಿಲ್ಲದೆ ಕರೆ ಬರುತ್ತದೆ, ಕೂಗಾಟ ನಿಲ್ಲುತ್ತದೆ. ಆದರೆ ಬ್ಯಾಂಕಿನ ಓಟಿಪಿ ಈ ಸ್ಥಿತಿಯಲ್ಲಿ ಬಂದೇ ಬರುತ್ತದೆಂದು ನಂಬಿ ಕೂರಬೇಡಿ. ಹಣ ಕಳಿಸುವ ಮುಂಚೆ ವಿಮಾನವನ್ನು ಇಳಿಸಿಕೊಳ್ಳಿ.

ದಾರಿಯಲ್ಲಿ ಲೆಕ್ಕ ತಿರುಗುಮುರುಗು. ಪಾದಯಾತ್ರೆಯಲ್ಲಾಗಲಿ, 2015ರಲ್ಲಿ ಬ್ರಾಡ್‌ಗೇಜ್ ಆದ ಪಳನಿ–ಪೊಳ್ಳಾಚಿ ಹಳಿಯ ರೈಲಿನಲ್ಲಾಗಲಿ ನಿಮ್ಮ ಪರಿಚಯದ ವೈಫೈ ಸಿಗುವುದಿಲ್ಲ, ಆದರೂ ಫೋನು ಅಕ್ಕಪಕ್ಕದ ಅಂಗಡಿ ಮನೆಗಳ ರೂಟರುಗಳನ್ನೆಲ್ಲ ಮೂಸಿನೋಡುತ್ತ ಹೋಗುತ್ತದೆ. ಇಲ್ಲಿ ವೈಫೈ ಆರಿಸುವುದು ಸರಿ. ಆದರೆ ಆರಿಸಿದ್ದು ನಿಜವಾಗಿ ಆರಿದೆಯೇ ನೋಡಿ. ಆಂಡ್ರಾಯ್ಡ್‌ನಲ್ಲಿ ಲೊಕೇಶನ್ ಸೆಟ್ಟಿಂಗ್ಸ್ ಒಳಗೆ ವೈಫೈ ಸ್ಕ್ಯಾನಿಂಗ್, ಬ್ಲೂಟೂತ್ ಸ್ಕ್ಯಾನಿಂಗ್ ಎಂಬ ಎರಡು ಗುಂಡಿಗಳು ಅಡಗಿ ಕುಳಿತಿವೆ. ಅವು ಆನ್ ಇದ್ದರೆ ಮೇಲಿನ ವೈಫೈ ಗುಂಡಿ ಆಫ್ ಇದ್ದರೂ ಹುಡುಕಾಟ ನಡೆದೇ ಇರುತ್ತದೆ. ಐಫೋನಿನದು ಇನ್ನೂ ತಮಾಷೆ: 2017ರ ಐಓಎಸ್ 11ರಿಂದೀಚೆಗೆ ಕಂಟ್ರೋಲ್ ಸೆಂಟರ್‌ನಲ್ಲಿ ವೈಫೈ ಗುರುತನ್ನು ಒತ್ತಿದರೆ ಅದು ಆಗಿನ ಸಂಪರ್ಕವನ್ನಷ್ಟೇ ಕಡಿಯುತ್ತದೆ, ಬೆಳಗ್ಗೆ 5 ಗಂಟೆಗೆ ತಾನೇ ಮತ್ತೆ ಎದ್ದು ಕೂರುತ್ತದೆ. ಪೂರ್ತಿ ಆರಿಸಬೇಕೆಂದರೆ ಸೆಟ್ಟಿಂಗ್ಸ್ ಒಳಗೇ ಹೋಗಬೇಕು.

ವೈಫೈ ಆದ ಮೇಲೆ ದಾರಿಯ ನಿಜವಾದ ಉಳಿತಾಯಕ್ಕೆ ಬನ್ನಿ. ಎರಡು ಸಿಮ್ಮಿನಲ್ಲಿ ಯಾವುದಕ್ಕೆ ಸಿಗ್ನಲ್ ಕಡಿಮೆಯೋ ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಒಂದು ಸಿಮ್ಮು ನೆಮ್ಮದಿಯಾಗಿದ್ದರೂ ಇನ್ನೊಂದು ಟವರಿಗಾಗಿ ಅಲೆಯುತ್ತಿದ್ದರೆ ಊಟ ಹೋಗುವುದು ಒಂದೇ ಬ್ಯಾಟರಿಯಿಂದ. ಎರಡನೆಯ ಸಿಮ್ಮನ್ನು ರೀಚಾರ್ಜಿನ ಆಸೆಗೆ ಮಾತ್ರ ಇಟ್ಟುಕೊಂಡವರು ನಮ್ಮಲ್ಲಿ ಬಹಳ. 5ಜಿ ಬಂದು ಹೋಗುವ ಹೊಲಗದ್ದೆಗಳ ನಡುವೆ ಆದ್ಯತೆಯ ಜಾಲವನ್ನು 4ಜಿಗೆ ಇಳಿಸಿ, ಏಕೆಂದರೆ ಎರಡರ ನಡುವೆ ಹಾರಿ ಹಾರಿ ಫೋನು ದಣಿಯುತ್ತದೆ. ಮೊಬೈಲ್ ಡೇಟಾವನ್ನು ಗಂಟೆಗೊಮ್ಮೆ ಎರಡು ನಿಮಿಷ ಆನ್ ಮಾಡಿ ಸಂದೇಶಗಳನ್ನು ಗಂಟುಗಟ್ಟಿ ತರಿಸಿಕೊಳ್ಳಿ. ಆ ಹತ್ತು ಸೆಕೆಂಡಿನ ಎಚ್ಚರ ಪ್ರತಿ ಸಂದೇಶಕ್ಕೆ ಬೇರೆ ಬೇರೆಯಾಗಿ ಬೀಳುವುದು ತಪ್ಪುತ್ತದೆ. ತೈಪೂಸಂ ಜನಜಂಗುಳಿಯಲ್ಲಿ ಇದು ಇನ್ನೂ ಮುಖ್ಯ: ಸಿಗ್ನಲ್ ಕಡ್ಡಿ ತುಂಬಿದ್ದರೂ ಟವರಿನಲ್ಲಿ ಜಾಗವಿಲ್ಲದೆ ಫೋನು ಮತ್ತೆ ಮತ್ತೆ ಬಾಗಿಲು ತಟ್ಟುತ್ತಿರುತ್ತದೆ. ಇನ್ನು, ಗುಂಪಿನವರಿಗೆಲ್ಲ ಹಾಟ್‌ಸ್ಪಾಟ್ ಹಂಚುವ ಉದಾರಿ ಸಂಜೆಗೆ ತಾನೇ ಪ್ಲಗ್ಗು ಹುಡುಕುತ್ತಾನೆ.

ಉಡುಮಲ್‌ಪೇಟೆಯಿಂದ ಚಿನ್ನಾರ್ ಮೂಲಕ ಮರಯೂರಿಗೆ ಹತ್ತುವ ಕಾಡುದಾರಿಯಂಥ ಕಡೆ ಮಾತ್ರ ಮೀನಮೇಷ ಎಣಿಸದೆ ಏರ್‌ಪ್ಲೇನ್ ಮೋಡ್ ಹಾಕಿ. ಸಿಗದ ಟವರನ್ನು ಹುಡುಕುವುದರಿಂದ ನಿಮಗೆ ದಕ್ಕುವುದು ಏನೂ ಇಲ್ಲ. ದಾರಿ ತಪ್ಪುವ ಭಯವೂ ಬೇಡ: ಜಿಪಿಎಸ್ ಉಪಗ್ರಹಗಳ ಮಾತನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ತಿರುಗಿ ಮಾತಾಡುವುದಿಲ್ಲ, ಹಾಗಾಗಿ ಈಗಿನ ಫೋನುಗಳಲ್ಲಿ ಏರ್‌ಪ್ಲೇನ್ ಮೋಡ್‌ನಲ್ಲೂ ಅದು ನಡೆಯುತ್ತದೆ. ನಕ್ಷೆಯನ್ನು ಉಡುಮಲ್‌ಪೇಟೆಯಲ್ಲೇ ಇಳಿಸಿಕೊಂಡಿದ್ದರಾಯಿತು.

ಇಷ್ಟೆಲ್ಲ ಏಕೆ, ಫೋನೇ ತನ್ನನ್ನು ನೋಡಿಕೊಳ್ಳುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. 2015ರ ಆಂಡ್ರಾಯ್ಡ್ 6ರಲ್ಲಿ ಬಂದ ಡೋಜ್ ವ್ಯವಸ್ಥೆ ಅಲುಗಾಡದೆ ಬಿದ್ದಿರುವ ಫೋನಿನಲ್ಲಿ ಆ್ಯಪುಗಳ ಬಾಯಿ ಕಟ್ಟುತ್ತದೆ. ಆದರೆ ಟವರಿನ ಸಂಪರ್ಕ ಉಳಿಸಿಕೊಳ್ಳುವುದು ಫೋನಿನ ಮೂಲ ಕರ್ತವ್ಯ, ಅದನ್ನು ಯಾವ ಸಾಫ್ಟ್‌ವೇರೂ ತಾನಾಗಿ ಬಿಡಿಸದು. ಪವರ್ ಬ್ಯಾಂಕ್ ಇದೆಯಲ್ಲ ಎಂಬುವರಿಗೆ ಒಂದು ಮಾತು: 10,000 ಎಂಎಎಚ್ ಎಂದು ಬರೆದ ಡಬ್ಬಿಯಿಂದ ವೋಲ್ಟೇಜ್ ಏರಿಳಿಸುವ ನಷ್ಟ ಕಳೆದು ಫೋನಿಗೆ ದಕ್ಕುವುದು ಸುಮಾರು ಮೂರರಲ್ಲಿ ಎರಡು ಪಾಲು. ಇನ್ನು, ವಿದ್ಯುತ್ ಬಿಲ್ಲಿನ ಉಳಿತಾಯಕ್ಕಾಗಿ ಈ ಆರಿಸುವ ಕಸರತ್ತು ಮಾಡುವುದಾದರೆ ಮಾಡಲೇಬೇಡಿ. 5,000 ಎಂಎಎಚ್ ಬ್ಯಾಟರಿಯನ್ನು ನಲವತ್ತು ಸಲ ತುಂಬಿಸಿದರೆ ಒಂದು ಯೂನಿಟ್ ಆದೀತು. ಉಳಿಯುವುದು ಬ್ಯಾಟರಿಯ ಆಯುಷ್ಯ. ಲಿಥಿಯಂ ಬ್ಯಾಟರಿಗೆ ತುಂಬಿ ಖಾಲಿಯಾಗುವ ಸುತ್ತುಗಳು ಎಣಿಸಿ ಕೊಟ್ಟದ್ದು. ಐಫೋನ್ 14ರವರೆಗಿನ ಮಾದರಿಗಳಿಗೆ ಆಪಲ್ ಹೇಳುವ ಲೆಕ್ಕ 500 ಸುತ್ತಿನ ಬಳಿಕ ಶೇಕಡ 80 ಸಾಮರ್ಥ್ಯ ಉಳಿಕೆ.

ಹಾಗೆಂದು ಸದಾ ಏರ್‌ಪ್ಲೇನ್ ಮೋಡ್‌ನಲ್ಲೇ ಇಡುವ ಜಿಪುಣತನವೂ ಅಪಾಯ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಹಿರಿಯರು ಕರೆ ಮಾಡಿದರೆ ನೀವು ಸಿಗಬೇಕು. 2023ರಲ್ಲಿ ದೇಶದ ಹಲವೆಡೆ ಫೋನುಗಳು ಕಿರುಚಿ ಪರೀಕ್ಷಾ ಸಂದೇಶ ತೋರಿಸಿದ್ದು ನೆನಪಿರಬಹುದು; ಅಂಥ ವಿಪತ್ತಿನ ಎಚ್ಚರಿಕೆಯೂ ಟವರಿನ ಮೂಲಕವೇ ಬರುವುದು, ಮಳೆಗಾಲದಲ್ಲಿ ಅಮರಾವತಿಯ ದಂಡೆಯಲ್ಲಿರುವವರಿಗೆ ಅದು ಬೇಕಾದೀತು. ಐದೈದು ನಿಮಿಷಕ್ಕೆ ಏರ್‌ಪ್ಲೇನ್ ಮೋಡ್ ಹಾಕಿ ತೆಗೆಯುವುದೂ ದಂಡ, ಪ್ರತಿ ಸಲ ಫೋನು ಟವರಿನಲ್ಲಿ ಹೊಸದಾಗಿ ಹೆಸರು ಬರೆಸಬೇಕು. ಅರ್ಧ ಗಂಟೆಗಿಂತ ಕಡಿಮೆ ಹೊತ್ತಿಗಾದರೆ ಸುಮ್ಮನಿರುವುದೇ ಲೇಸು.

ಈ ವಾದ ನಿಮ್ಮ ಫೋನಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ಎರಡು ರಾತ್ರಿಯಲ್ಲಿ ಪರೀಕ್ಷಿಸಬಹುದು. ಮೊದಲ ರಾತ್ರಿ ವೈಫೈ, ಬ್ಲೂಟೂತ್ ಆರಿಸಿ ಸಿಮ್ಮನ್ನು, ಡೇಟಾವನ್ನು ಹಾಗೇ ಬಿಟ್ಟು ಮಲಗಿ. ಮಲಗುವಾಗಿನ ಮತ್ತು ಏಳುವಾಗಿನ ಶೇಕಡಾವಾರನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಎರಡನೆಯ ರಾತ್ರಿ ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಮತ್ತು ಬ್ಲೂಟೂತ್ ಎರಡನ್ನೂ ಮತ್ತೆ ಆನ್ ಮಾಡಿ, ಅದೇ ಗಂಟೆಗೆ ಮಲಗಿ, ಅದೇ ಗಂಟೆಗೆ ನೋಡಿ. ಫೋನು ಎರಡು ರಾತ್ರಿಯೂ ಒಂದೇ ಕೋಣೆಯ ಒಂದೇ ಮೂಲೆಯಲ್ಲಿರಲಿ. ಕಿಟಕಿಯಿಂದ ಬೀರುವಿನ ಸಂದಿಗೆ ಸರಿಸಿದರೂ ಆ ಮೈನಸ್ ಸಂಖ್ಯೆ ಬದಲಾಗುತ್ತದೆ.